ಹದಿನೇಳನೆಯ ಕಲ್ಮನೆ

ಅಸ್ಥಿವಾಚಿ ಬೆಳಗಿನ ಎಂಟು ಗಂಟೆಯಿಂದ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಮೂರು ಕಾಲುಗಳ ಮೇಲೆ ನಿಂತ, ಹಿಟ್ಟಿನ ಡಬ್ಬಿಯಷ್ಟು ದಪ್ಪದ ಆ ಯಂತ್ರದ ಮೂತಿ ಒಂದು ಕಲ್ಲುಚಪ್ಪಡಿಯತ್ತ ತಿರುಗಿತ್ತು. ಚಪ್ಪಡಿಯ ಆಚೆ, ಮೂರು ಸಾವಿರ ವರ್ಷಗಳ ಹಿಂದೆ ಯಾರೋ ಯಾರನ್ನೋ ಮಲಗಿಸಿ ಹೋಗಿದ್ದ ಕಲ್ಲಿನ ಕೋಣೆ. ಅದರ ಬಾಗಿಲನ್ನು ಯಾರೂ ತೆರೆದಿರಲಿಲ್ಲ, ಮಣ್ಣನ್ನು ಕೆದಕಿರಲಿಲ್ಲ. ಆದರೂ ಪಕ್ಕದ ಪರದೆಯ ಮೇಲೆ ಮೊದಲು ಬೆನ್ನೆಲುಬಿನ ಸಾಲು, ಆಮೇಲೆ ಪಕ್ಕೆಲುಬುಗಳು, ಕೊನೆಗೆ ಮಡಚಿಟ್ಟ ಮೊಣಕಾಲುಗಳು ಮೂಡಿದವು. ಬಳಿಕ ಯಂತ್ರ ಮಾತಾಡಿತು.

"ಹೆಣ್ಣು. ಸತ್ತಾಗ ಸುಮಾರು ಇಪ್ಪತ್ತೆಂಟು ವರ್ಷ. ಎತ್ತರ ನಾಲ್ಕು ಅಡಿ ಹನ್ನೊಂದು ಅಂಗುಲ. ನವಣೆ, ಹುರುಳಿ, ಅಪರೂಪಕ್ಕೆ ಮಾಂಸ ತಿಂದವಳು. ಬಾಲ್ಯದಲ್ಲಿ ಈ ಗುಡ್ಡದ ನೀರು ಕುಡಿದವಳಲ್ಲ. ಹೊಳೆಯ ದಂಡೆಯ ಕಡೆಯಿಂದ ಇಲ್ಲಿಗೆ ಬಂದವಳು."

ಯಂತ್ರದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ ಯಮನೂರಪ್ಪ ಉದ್ದನವರ ಪರದೆಯನ್ನು ದಿಟ್ಟಿಸಿ ನೋಡಿದ. ಕುಳಿತರೂ ಅವನ ತಲೆ ಪರದೆಗಿಂತ ಮೇಲೆಯೇ ಇತ್ತು. ನಿಂತರೆ ಆರು ಅಡಿ ಹತ್ತು ಅಂಗುಲ.

"ಲಗ್ನ ಮಾಡಿ ಕೊಟ್ಟಿದ್ರೇನ್ರಿ ಅಕ್ಕಾರ, ಹೊಳಿ ದಂಡಿಯಿಂದ?"

ಡಾ. ಇಂದುಮತಿ ಹಂಚಿನಾಳ ನಕ್ಕಳು. "ಇರಬಹುದು ನೋಡ್ರಿ. ಎಲುಬು ಲಗ್ನಪತ್ರಿಕಿ ಓದಂಗಿಲ್ಲ. ನೀರಿನ ಋಣ ಅಷ್ಟೇ ಹೇಳತದ."

ಅಸ್ಥಿವಾಚಿ ಎಂದರೆ ಮೂಳೆಗಳನ್ನು ಓದುವ ಯಂತ್ರ. ಆಕಾಶದಿಂದ ಸದಾ ಸುರಿಯುವ ಸೂಕ್ಷ್ಮ ಕಣಗಳು ಕಲ್ಲು ಮಣ್ಣುಗಳನ್ನು ಹಾದು ಹೋಗುತ್ತವೆ ಎಂಬುದು ಹಳೆಯ ತಿಳಿವಳಿಕೆ. ಅಂಥ ಕಣಗಳ ತೆಳು ಧಾರೆಯೊಂದನ್ನು ಯಂತ್ರದಲ್ಲೇ ಹುಟ್ಟಿಸಿ, ಬೇಕಾದ ಕಡೆ ಹಾಯಿಸಿ, ಅದು ಮೂಳೆಗೆ ತಾಗಿ ಎಷ್ಟು ಬಾಗುತ್ತದೆ ಎಂದು ಅಳೆಯುವ ವಿದ್ಯೆಯನ್ನು ಇಂದುಮತಿಯ ತಂಡ ಹನ್ನೆರಡು ವರ್ಷ ದುಡಿದು ಸಾಧಿಸಿತ್ತು. ಮನುಷ್ಯ ತನಗೆ ಗೊತ್ತಿಲ್ಲದೆ ಮೂಳೆಯೊಳಗೆ ದಿನಚರಿ ಬರೆಯುತ್ತಿರುತ್ತಾನೆ. ಕುಡಿದ ನೀರು, ಉಂಡ ಕಾಳು, ಹೊತ್ತ ಭಾರ, ಪಟ್ಟ ಹಸಿವು, ಎಲ್ಲವೂ ಅಲ್ಲಿ ದಾಖಲಾಗುತ್ತವೆ. ಒಣಗಿದ ಮಜ್ಜೆಯಲ್ಲಿ ಉಳಿದ ವಂಶವಾಹಿಯ ಚೂರುಗಳನ್ನೂ ಯಂತ್ರ ಜೋಡಿಸಿ ಓದಬಲ್ಲದು. ಓದಿದ್ದನ್ನು ಅದು ಅಂಕಿಗಳಲ್ಲಿ ಕಕ್ಕುತ್ತಿರಲಿಲ್ಲ, ಸರಳ ಕನ್ನಡದಲ್ಲಿ ಹೇಳುತ್ತಿತ್ತು. ಈ ಗುಣವನ್ನು ಅದಕ್ಕೆ ಹಟ ಹಿಡಿದು ಕೊಟ್ಟವಳು ಇಂದುಮತಿ. ಇನ್ನೊಂದು ನಿಯಮವನ್ನೂ ಅವಳು ಯಂತ್ರದ ಬುದ್ಧಿಯಲ್ಲಿ ಕೂಡಿಸಿದ್ದಳು: ಸತ್ತವರ ರಕ್ತಸಂಬಂಧಿ ಬಂದು ಕೇಳಿದರೆ ಯಂತ್ರ ಯಾವುದನ್ನೂ ಮುಚ್ಚಿಡಬಾರದು. ಸಾವಿರಾರು ವರ್ಷಗಳ ಹಿಂದೆ ಸತ್ತವರಿಗೆ ಯಾವ ಸಂಬಂಧಿ ಬಂದಾನು ಎಂದು ಸಹೋದ್ಯೋಗಿಗಳು ತಮಾಷೆ ಮಾಡಿದ್ದರು. ನಿಯಮ ಮಾತ್ರ ಉಳಿಯಿತು.

ಅದು ಎರಡು ಸಾವಿರದ ನಲವತ್ತಾರನೆಯ ಇಸವಿ. ತುಂಗಭದ್ರೆಯ ಎಡದಂಡೆಯ ಬಂಡೆಕಲ್ಲೂರಿಗೆ ಯಂತ್ರ ಬಂದದ್ದು ಅಲ್ಲಿನ ಗುಡ್ಡದ ಮೇಲಿರುವ ಕಲ್ಮನೆಗಳಿಗಾಗಿ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಇನ್ನೂರಕ್ಕೂ ಹೆಚ್ಚು ಗೋರಿಗಳು ಅಲ್ಲಿದ್ದವು. ಅವುಗಳಲ್ಲಿ ಹದಿನೇಳನೆಯದು ಮಾತ್ರ ಜಗತ್ತಿಗೆ ಗೊತ್ತಿತ್ತು. ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಕಾರ್‌ವೆಲ್ ಎಂಬ ರಸ್ತೆ ಇಂಜಿನಿಯರ್ ಅದನ್ನು ತೆರೆಸಿ, ಒಳಗೆ ಒಂಬತ್ತು ಅಡಿ ಉದ್ದದ ಮನುಷ್ಯನ ಅಸ್ಥಿಪಂಜರ ಸಿಕ್ಕಿತೆಂದು ಪತ್ರಿಕೆಯೊಂದರಲ್ಲಿ ಫೋಟೋ ಸಮೇತ ವರದಿ ಬರೆದಿದ್ದ. ಅಂಥ ವರದಿಗಳು ಆ ಕಾಲದಲ್ಲಿ ಜಗತ್ತಿನ ಎಲ್ಲೆಡೆಯಿಂದ ಬರುತ್ತಿದ್ದವು. ಮುಂದೆ ಯಾರಾದರೂ ಅಳತೆಪಟ್ಟಿ ಹಿಡಿದು ಹೋದಾಗ ಕೆಲವು ಪ್ರಾಣಿಯ ಮೂಳೆಗಳಾದವು, ಕೆಲವು ಮಾಯವಾದವು, ಮತ್ತೆ ಕೆಲವು ಆರು ಅಡಿಗೆ ಇಳಿದವು. ಬಂಡೆಕಲ್ಲೂರಿನಲ್ಲಿ ಮಾತ್ರ ಯಾರೂ ಪಟ್ಟಿ ಹಿಡಿಯಲು ಆಗಿರಲಿಲ್ಲ. ಎಲುಬು ಮುಟ್ಟಿದರೆ ಊರಿಗೆ ಕೇಡು ಎಂದು ಜನ ಬಿಟ್ಟಿರಲಿಲ್ಲ. ಕಲ್ಮನೆಯ ಬಾಯಿಗೆ ಗಾಜು ಹಾಕಿಸಿ, ಒಳಗಿನ ಎಲುಬುಗಳನ್ನು ಇದ್ದಂತೆಯೇ ಬಿಟ್ಟು, ಬಂದವರಿಗೆ ಹೊರಗಿನಿಂದ ತೋರಿಸುತ್ತಿದ್ದರು.

ತೋರಿಸುವವನು ಯಮನೂರಪ್ಪ. ಊರಿನ ಗುಡ್ಡ ಸಮಿತಿ ಅವನನ್ನು ಆ ಕೆಲಸಕ್ಕೆ ಆರಿಸಿದ್ದಕ್ಕೆ ಅವನ ಎತ್ತರವೇ ಕಾರಣ. ಅವನ ಮನೆತನದಲ್ಲಿ ತಲೆಮಾರಿಗೆ ಒಬ್ಬಿಬ್ಬರು ಹೀಗೆ ಬೆಳೆಯುತ್ತಿದ್ದರು, ಐವತ್ತು ದಾಟುತ್ತಿರಲಿಲ್ಲ. "ಇಂವ ಮನುಷ್ಯ ಅಲ್ರಿ, ರಾಕ್ಷಸ. ನಮ್ಮ ಮನಿತನ ಇವನ ಬಳ್ಳಿ ಅಂತಾರ" ಎಂದು ಅವನು ಗಾಜಿನ ಮುಂದೆ ನಿಂತು ಹೇಳುವಾಗ, ನೋಡುವವರು ಒಮ್ಮೆ ಎಲುಬನ್ನೂ ಒಮ್ಮೆ ಅವನನ್ನೂ ನೋಡಿ ಬಾಯಿ ತೆರೆಯುತ್ತಿದ್ದರು. ಬಸ್ಸಿನಲ್ಲಿ ಬಾಗಿ ನಿಂತು, ಮಂಚದಲ್ಲಿ ಕಾಲು ಹೊರಗೆ ಚಾಚಿ ಬದುಕಿದವನಿಗೆ ತನ್ನ ಮೈ ಕುರಿತು ಹೆಮ್ಮೆ ಹುಟ್ಟಿದ್ದು ಆ ಗಾಜಿನ ಮುಂದೆಯೇ.

ಇಂದುಮತಿ ಹದಿನೇಳನೆಯ ಕಲ್ಮನೆಗೆ ಯಂತ್ರ ಹಚ್ಚಿದ್ದು ನವೆಂಬರ್ ಹದಿಮೂರರ ಮಧ್ಯಾಹ್ನ. ಅಂದು ಅವಳು ಯಂತ್ರದ ಧ್ವನಿಯನ್ನು ಬಂದ್ ಮಾಡಿ ಕಿವಿಗೆ ತಂತಿ ಹಾಕಿಕೊಂಡಳು. ಬಹಳ ಹೊತ್ತು ಕೇಳಿದಳು. ಮತ್ತೆ ಮೊದಲಿನಿಂದ ಕೇಳಿದಳು.

"ಏನಂತೈತ್ರಿ ಅಕ್ಕಾರ?" ಯಮನೂರಪ್ಪನಿಗೆ ತಡೆಯಲಾಗಲಿಲ್ಲ.

"ಒಂಬತ್ತು ಅಡಿ ಅಲ್ಲ ಯಮನೂರಪ್ಪ. ಏಳು ಅಡಿ ಒಂದು ಅಂಗುಲ. ಎಲುಬು ದೂರ ದೂರ ಇಟ್ಟಾರ, ಅದಕ್ಕ ಒಂಬತ್ತು ಕಾಣತದ."

"ಏಳಡಿ ಅಂದ್ರೂ ದೊಡ್ಡಾಂವನ ಬಿಡ್ರಿ. ಎಷ್ಟು ಹಳೇ ಕಾಲದಾಂವ?"

"ಅದನ್ನ... ಇನ್ನೂ ಲೆಕ್ಕ ಹಾಕಬೇಕು." ಅವಳು ಪರದೆ ಆರಿಸಿದಳು. "ನಿಮ್ಮದು ಒಂದೆರಡು ಹನಿ ರಕ್ತ ಬೇಕಾಗಿತ್ತು. ಹೋಲಿಸಿ ನೋಡೋದಕ್ಕ."

ಯಮನೂರಪ್ಪ ಸಂತೋಷದಿಂದ ಬೆರಳು ಚಾಚಿದ. ಜೊತೆಗಿದ್ದ ಪುಟ್ಟ ಉಪಕರಣ ಆ ಹನಿಗಳನ್ನು ಅಲ್ಲೇ ಓದಿ ಮುಗಿಸಿತು. ಅವಳು ಅದರ ಪರದೆಯನ್ನು ಅವನಿಗೆ ತೋರಿಸಲಿಲ್ಲ. ಅಂದೇ ಅವನ ಮನೆಯಲ್ಲಿ ಅವಳ ಊಟವಾಯಿತು. ಅವನ ಹೆಂಡತಿ ಫಕೀರವ್ವ ಬಿಸಿ ರೊಟ್ಟಿ ಬಡಿದು ಹಾಕಿದಳು. ಹತ್ತು ವರ್ಷದ ಮಗಳು ನೀಲಾ ಆಗಲೇ ತಾಯಿಯ ಭುಜಕ್ಕೆ ಬಂದಿದ್ದಳು. ಊಟ ಮುಗಿಸಿ ಹೊರಡುವಾಗ ಇಂದುಮತಿಯ ಕಣ್ಣು ಹೊಸ್ತಿಲ ಬಳಿ ಬಿಟ್ಟಿದ್ದ ಯಮನೂರಪ್ಪನ ಚಪ್ಪಲಿಗಳ ಮೇಲೆ ಬಿತ್ತು. ಟೈರಿನ ತುಂಡಿಗೆ ಪಟ್ಟಿ ಹೊಡೆದು ಅವನೇ ಮಾಡಿಕೊಂಡವು.

"ಅಂಗಡ್ಯಾಗ ನನ್ನ ಕಾಲಿಗೆ ಸಿಗಂಗಿಲ್ರಿ," ಎಂದು ಅವನು ನಾಚಿದ.

ಅವಳು ಹಾಳೆಯ ಮೇಲೆ ಅವನ ಪಾದವನ್ನು ಇರಿಸಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದಳು. ಎರಡು ತಿಂಗಳ ಮೇಲೆ ಮತ್ತೆ ಬಂದಾಗ ಧಾರವಾಡದಲ್ಲಿ ಮಾಡಿಸಿದ ಮೆತ್ತನೆಯ ಚರ್ಮದ ಚಪ್ಪಲಿ ತಂದಳು. ಅವನ ಬದುಕಿನಲ್ಲಿ ಬೇರೆಯವರು ಅವನ ಅಳತೆಗೆಂದು ಮಾಡಿಸಿ ತಂದ ಮೊದಲ ವಸ್ತು ಅದು. ಆಮೇಲೆ ಬಂದಾಗಲೆಲ್ಲ ಅವಳು ಹೊಸದಾಗಿ ಪಾದದ ಅಳತೆ ತೆಗೆದುಕೊಂಡಳು, ಹೊಸ ಜೋಡು ತಂದಳು. ಹಳೆಯದು ಅಷ್ಟರಲ್ಲಿ ಬಿಗಿಯಾಗಿರುತ್ತಿತ್ತು.

ದಿನ ಕಳೆದಂತೆ ಯಮನೂರಪ್ಪನಿಗೆ ತಲೆನೋವು ಹೆಚ್ಚಿತು. ಮೈ ಸುಮ್ಮಸುಮ್ಮನೆ ಬೆವರುತ್ತಿತ್ತು. ಬೆಳ್ಳಿಯ ಉಂಗುರವನ್ನು ಕತ್ತರಿಸಿ ತೆಗೆಸಬೇಕಾಯಿತು. ತಾಲೂಕಿನ ವೈದ್ಯರು ಬಿಸಿಲಿನ ತಲೆನೋವೆಂದು ಗುಳಿಗೆ ಕೊಟ್ಟರು. ಅವನು ಇಂದುಮತಿಗೂ ಹೇಳಿದ. ಅವಳು "ದೊಡ್ಡ ಆಸ್ಪತ್ರೆಗೆ ಒಮ್ಮೆ ತೋರಿಸ್ರಲ್ಲ" ಎಂದಳು. ಏಕೆ ಎಂದು ಅವನು ಕೇಳಿದಾಗ, "ಸುಮ್ಮನ, ಒಂದು ತಪಾಸಣೆ" ಎಂದು ಮಾತು ಬದಲಿಸಿದಳು. ಸುಮ್ಮನೆ ಮಾಡಿಸುವ ತಪಾಸಣೆಗೆಂದು ಅಷ್ಟು ದೂರ ಹೋಗುವವನಲ್ಲ ಯಮನೂರಪ್ಪ.

ನಲವತ್ತೆಂಟರ ಏಪ್ರಿಲಿನಲ್ಲಿ, ದಿನಾ ಹತ್ತಿಳಿಯುವ ಗುಡ್ಡದ ಮೆಟ್ಟಿಲಲ್ಲಿ ಅವನು ಎಡಕ್ಕೆ ಕಾಲಿಟ್ಟು ಬಿದ್ದ. ಎಡಗಡೆ ಮೆಟ್ಟಿಲು ಮುಗಿದು ಇಳಿಜಾರು ಶುರುವಾಗಿದ್ದು ಅವನಿಗೆ ಕಾಣಿಸಿರಲಿಲ್ಲ. ಮುಂಗೈ ಮುರಿಯಿತು. ಎದುರಿನದು ಚೆನ್ನಾಗಿ ಕಾಣುತ್ತಿತ್ತು, ಪಕ್ಕದ್ದು ಮಾತ್ರ ಕಿಟಕಿಯ ಎರಡೂ ಕದ ಅರ್ಧ ಮುಚ್ಚಿದ ಹಾಗೆ. ಇದು ಎಂದಿನಿಂದ ಶುರುವಾಯಿತೆಂದು ಅವನಿಗೇ ಗೊತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ಇಂದುಮತಿ ಕೆಲಸ ಮಾಡುವ ಸಂಶೋಧನಾ ಸಂಸ್ಥೆ ತಾನು ಮೊದಲೇ ಕೊಟ್ಟಿದ್ದ ಮಾತಿನಂತೆ ಒಂದು ಅಸ್ಥಿವಾಚಿಯನ್ನು ಬಂಡೆಕಲ್ಲೂರಿಗೆ ಕಾಯಂ ಆಗಿ ಕೊಟ್ಟಿತು. ನೋಡಬಂದವರು ಯಾವ ಕಲ್ಮನೆಯನ್ನು ಕೇಳಿದರೂ ಯಂತ್ರ ವಿವರ ಹೇಳುವಂತೆ ಏರ್ಪಾಡಾಗಿತ್ತು. ಸಂಸ್ಥೆಯ ಅಧಿಕಾರಿಗಳು ಹದಿನೇಳನೆಯದರ ಕಡತಕ್ಕೆ ಬೀಗ ಹಾಕಿ, ಅದರ ಬದಲಿಗೆ ಎರಡು ಸಾಲಿನ ಸಾಮಾನ್ಯ ಮಾತು ಇಟ್ಟಿದ್ದರು. ನಡೆಸುವವರ ಗುರುತಿಗೆಂದು ಯಂತ್ರದ ಹಿಡಿಕೆಯಲ್ಲಿ ಅಂಗೈ ಇಡಬೇಕಿತ್ತು; ಬೆವರಿನಲ್ಲಿರುವ ವಂಶವಾಹಿಯಿಂದ ಅದು ಆಳನ್ನು ಗುರುತಿಸುತ್ತಿತ್ತು. ಯಮನೂರಪ್ಪನ ಬೆವರಿದ ಅಂಗೈ ಮೊದಲ ಸಲ ಅಲ್ಲಿ ಊರಿದ್ದು ಒಂದು ಸೋಮವಾರ ಬೆಳಿಗ್ಗೆ, ಗದಗಿನ ಕಡೆಯಿಂದ ಬಂದಿದ್ದ ಇಪ್ಪತ್ತು ಮಂದಿ ಹೆಣ್ಣುಮಕ್ಕಳ ಎದುರಿಗೆ.

"ಈಗ ಕೇಳ್ರಿ ರಾಕ್ಷಸನ ಕತಿ," ಎಂದು ಅವನು ಗಾಜಿನತ್ತ ಕೈ ತೋರಿಸಿದ. "ಹೇಳಪ್ಪಾ, ಹದಿನೇಳನೇದು ಯಾರದು?"

ಯಂತ್ರ ಎಂದಿಗಿಂತ ತುಸು ತಡಮಾಡಿತು.

"ಕೇಳುತ್ತಿರುವವರು ಈ ಅಸ್ಥಿಯ ರಕ್ತಸಂಬಂಧಿ. ನಿಯಮದಂತೆ ಪೂರ್ತಿ ದಾಖಲೆ ಓದುತ್ತಿದ್ದೇನೆ. ಗಂಡು. ಸತ್ತಾಗ ಮೂವತ್ತೊಂಬತ್ತು ವರ್ಷ. ಎತ್ತರ ಏಳು ಅಡಿ ಒಂದು ಅಂಗುಲ. ಸತ್ತು ಸುಮಾರು ನೂರ ಹತ್ತೊಂಬತ್ತು ವರ್ಷ."

"ಸಾವಿರ ಅನ್ನೂದು ಮರೀತು ನೋಡ್ರಿ," ಎಂದು ಯಮನೂರಪ್ಪ ನಕ್ಕ. ಹೆಣ್ಣುಮಕ್ಕಳೂ ನಕ್ಕರು. ಯಂತ್ರ ಮುಂದುವರಿಸಿತು.

"ಬಾಲ್ಯದಿಂದ ಸಾಯುವವರೆಗೆ ಬಂಡೆಕಲ್ಲೂರಿನ ಬಾವಿಯ ನೀರು ಕುಡಿದವನು. ಜೋಳ ಉಂಡವನು. ಬೆನ್ನು, ಹೆಗಲಿನ ಮೇಲೆ ಕಲ್ಲು ಹೊತ್ತ ಸವೆತವಿದೆ. ಪಕ್ಕೆಲುಬುಗಳಲ್ಲಿ ಸಿಡಿಮದ್ದಿನ ಕಲ್ಲುಚೂರುಗಳಿವೆ. ಅದೇ ಸಾವಿನ ಕಾರಣ. ಮೂಳೆಯ ರಂಧ್ರಗಳಲ್ಲಿರುವುದು ಈ ಕೋಣೆಯ ಮಣ್ಣಲ್ಲ, ಗುಡ್ಡದ ಕೆಳಗಿನ ಕಲ್ಲುಗಣಿಯ ಮಣ್ಣು. ಎರಡು ವರ್ಷ ಅಲ್ಲಿ ಹೂತಿದ್ದು, ಆಮೇಲೆ ಅಗೆದು ಇಲ್ಲಿಗೆ ತಂದು, ಉದ್ದ ಕಾಣುವಂತೆ ಬಿಡಿಬಿಡಿಯಾಗಿ ಜೋಡಿಸಲಾಗಿದೆ. ಹೋಲಿಕೆಯಂತೆ ಈತ ಕೇಳುತ್ತಿರುವವರ ಅಜ್ಜನ ಅಜ್ಜ."

ಯಮನೂರಪ್ಪನ ಕೈ ಹಿಡಿಕೆಯ ಮೇಲೆಯೇ ಉಳಿಯಿತು.

ಅವನ ಅಜ್ಜನ ಅಜ್ಜ ಭರಮಪ್ಪ. ಮನೆಯಲ್ಲಿ ಆ ಹೆಸರನ್ನು ಯಾರಿಗೂ ಇಟ್ಟಿರಲಿಲ್ಲ. ರಸ್ತೆಯ ಕೆಲಸಕ್ಕೆ ಹೋಗಿದ್ದ ಭರಮಪ್ಪನನ್ನು ಕಾರ್‌ವೆಲ್ ಸಾಹೇಬ ದೊಡ್ಡ ಶಹರಕ್ಕೆ ಕಳಿಸಿದ್ದಾನೆ, ಅವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡು ಉಳಿದ ಎಂಬ ಮಾತು ಊರಿಗೆ ಬಂದಿತ್ತು. ಹೆಂಡತಿ ಹೊನ್ನವ್ವ ಮೂರು ಮಕ್ಕಳನ್ನು ಕಟ್ಟಿಕೊಂಡು, ಸಾಯುವ ತನಕ ಅವನನ್ನು ಶಪಿಸುತ್ತಲೇ ಇದ್ದಳಂತೆ. ಹಿರಿಯರ ಹಬ್ಬದಲ್ಲಿ ಸತ್ತವರಿಗೆಲ್ಲ ಎಡೆ ಇಡುವಾಗ ಭರಮಪ್ಪನಿಗೆ ಮಾತ್ರ ಇಡುತ್ತಿರಲಿಲ್ಲ. ಯಮನೂರಪ್ಪನೂ ಇಟ್ಟವನಲ್ಲ. ಆ ಮನುಷ್ಯ ಮನೆಯಿಂದ ಒಂದು ಮೈಲಿ ದೂರದಲ್ಲಿ ಮಲಗಿದ್ದ. ಹನ್ನೊಂದು ವರ್ಷಗಳಿಂದ ಅವನನ್ನು ತೋರಿಸಿ 'ಇಂವ ಮನುಷ್ಯ ಅಲ್ಲ' ಎಂದು ಹೇಳುತ್ತಿದ್ದವನು ತಾನೇ.

ಯಂತ್ರ ಇನ್ನೂ ಮುಗಿಸಿರಲಿಲ್ಲ.

"ಎತ್ತರಕ್ಕೆ ಕಾರಣ: ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ. ವಂಶವಾಹಿಯ ದೋಷದಿಂದ ಬರುವಂಥದು. ಅದೇ ದೋಷ ಮಾದರಿ ಒಂದರಲ್ಲಿಯೂ ಇದೆ. ಮಾದರಿ ಒಂದು ಎಂದರೆ ಕೇಳುತ್ತಿರುವವರು. ಗೆಡ್ಡೆ ಬೆಳೆದರೆ ಕಣ್ಣಿನ ನರ ಒತ್ತಿ ಪಕ್ಕದ ನೋಟ ಹೋಗುತ್ತದೆ. ಬೇಗ ತಿಳಿದರೆ ಚಿಕಿತ್ಸೆ ಇದೆ. ಚಿಕಿತ್ಸೆ ಇಲ್ಲದೆ ರೋಗ ಬೆಳೆಯುವ ಗತಿಯನ್ನು ಗಮನಿಸಲಾಗುತ್ತಿದೆ. ಪಾದದ ಉದ್ದ: ನವೆಂಬರ್ ನಲವತ್ತಾರು, ಮೂವತ್ತಮೂರು ಸೆಂಟಿಮೀಟರ್. ಜನವರಿ ನಲವತ್ತೇಳು, ಮೂವತ್ತಮೂರು ಪಾಯಿಂಟ್ ಎರಡು. ಜುಲೈ..."

ಅವನು ಕೈ ಕಿತ್ತುಕೊಂಡ. ಯಂತ್ರ ನಿಂತಿತು. ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದ ಹೆಂಗಸೊಬ್ಬಳು ಮೆಲ್ಲಗೆ ಫೋನು ಕೆಳಗಿಳಿಸಿದಳು. ಮತ್ತೊಬ್ಬಳು ನೀರಿನ ಬಾಟಲಿ ಚಾಚಿ, "ಕೂಡಪಾ, ಕೂಡು" ಎಂದಳು. ಅವನು ಕೂರಲಿಲ್ಲ. ಚಪ್ಪಲಿ ಕಳಚಿ, ಮೆಟ್ಟಿಲ ಮೇಲೆ ಬಿಟ್ಟು, ಬರಿಗಾಲಲ್ಲಿ ಗೋಡೆ ಹಿಡಿದು ಗುಡ್ಡ ಇಳಿದ.

ಇಂದುಮತಿ ಮರುದಿನವೇ ಬಂದಳು. ಯಂತ್ರ ಯಾರಿಗೆ ಏನನ್ನು ಓದಿತು ಎಂಬ ಸೂಚನೆ ಸಂಸ್ಥೆಗೆ ತಾನಾಗಿಯೇ ಹೋಗಿತ್ತು. ಯಮನೂರಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಫಕೀರವ್ವ ಬಾಗಿಲಲ್ಲಿ ನಿಂತಿದ್ದಳು. ಯಾರೂ ಬಾ ಎನ್ನಲಿಲ್ಲ.

"ಎಂದು ಗೊತ್ತಾತ್ರಿ ನಿಮಗ?" ಎಂದು ಅವನೇ ಕೇಳಿದ.

"ಮೊದಲನೇ ದಿನಾನೇ."

"ಹತ್ತೊಂಬತ್ತು ತಿಂಗಳು."

"ಮೂರು ತಿಂಗಳು ಅಂದ್ಕೊಂಡಿದ್ದೆ, ಯಮನೂರಪ್ಪ. ಔಷಧಿ ಕಂಪನಿಯೊಂದರ ಜೊತೆ ಸಂಸ್ಥೆಯ ಒಪ್ಪಂದ ಆಗಿತ್ತು. ಎಲುಬು ಮುಟ್ಟದೇ ವಂಶದ ರೋಗ ಹಿಡಿದದ್ದು ಜಗತ್ತಿನಾಗ ಮೊದಲು. ಅದರ ಹಕ್ಕು ಕೈಗೆ ಬರೂವರೆಗೂ ಯಾರಿಗೂ ಹೇಳಬಾರದು ಅಂತ ಸಹಿ ಮಾಡಿಸಿಕೊಂಡಿದ್ರು. ಮೂರು ಆರು ಆತು. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ನೀವು ಕೇಳತೀರಿ ಅನ್ನೋ ಹೆದರಿಕೀಗೇ ಹೇಳಲಿಲ್ಲ."

"ನನ್ನ ಕಾಲಿನ ಅಳತಿ ಯಾಕ ಬರ್ಕೊಂಡ್ರಿ?"

ಅವಳು ತಲೆ ತಗ್ಗಿಸಿದಳು. "ಮೊದಲನೇ ಸಲ ಚಪ್ಪಲಿಗೇ ತಗೊಂಡಿದ್ದೆ."

"ಆಮ್ಯಾಲಿಂದು?"

ಫಕೀರವ್ವ ಬಾಗಿಲಿನಿಂದ ಇಳಿದು ಬಂದಳು. "ನನ್ನ ಒಲಿ ಮುಂದ ಕುಂತು ಉಂಡಿದ್ಯಲ್ಲ ನಮ್ಮವ್ವಾ," ಎಂದಳು. ಅವಳ ದನಿ ಏರಲಿಲ್ಲ. "ನನ್ನ ಮಗಳು ಬೆಳದದ್ದ ನೋಡಿ, 'ಅಪ್ಪನ ಹಂಗ ಆಗ್ತಾಳ' ಅಂತ ಗಲ್ಲ ಹಿಂಡಿದಿ. ಅಕೀಗೂ ಐತೇನು ಅದು?"

"ನೋಡಬೇಕು. ಇದ್ರೂ ಹೆದರಬ್ಯಾಡ್ರಿ, ಈಗ ಸಣ್ಣಾಕಿ, ಔಷಧಿ—"

"ನಿನ್ನ ಬಾಯಿಂದ ಬ್ಯಾಡ," ಎಂದು ಫಕೀರವ್ವ ಒಳಗೆ ಹೋದಳು.

ಯಮನೂರಪ್ಪ ಎದ್ದು ನಿಂತ. ಅವಳತ್ತ ನೋಡಲು ಮುಖವನ್ನು ಪೂರ್ತಿ ತಿರುಗಿಸಬೇಕಾಯಿತು. "ಸಾಹೇಬ ಆ ಕಾಲದಾಗ ನಮ್ಮ ಭರಮಪ್ಪನ ಎಲುಬು ಜಗ್ಗಿ ಉದ್ದ ಮಾಡಿ ಫೋಟೋ ತಗಸಿದ. ಅಂವ ಸತ್ತಿದ್ದ, ತಿಳೀಲಿಲ್ಲ. ನಾನು ಜೀವಂತ ಇದ್ನೆಲ್ರಿ ಮೇಡಂ."

ಅಕ್ಕಾರ ಎನ್ನುತ್ತಿದ್ದವನ ಬಾಯಲ್ಲಿ ಆ 'ಮೇಡಂ' ಕೇಳಿ ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಸುದ್ದಿ ಹರಡಿದ ಮೇಲೆ ಸಂಸ್ಥೆ ಬೆದರಿ ಹುಬ್ಬಳ್ಳಿಯಲ್ಲಿ ಚಿಕಿತ್ಸೆಗೆ ತಾನೇ ಏರ್ಪಾಡು ಮಾಡಿತು. ಮೂಗಿನ ದಾರಿಯಿಂದ ಸಲಕರಣೆ ಹಾಯಿಸಿ ಗೆಡ್ಡೆ ತೆಗೆದರು. ತಲೆನೋವು ಹೋಯಿತು, ಬೆವರು ನಿಂತಿತು, ಮೈ ಬೆಳೆಯುವುದು ನಿಂತಿತು. ಎಡಗಡೆಯ ನೋಟ ಮರಳಲಿಲ್ಲ, ಬಲಗಡೆಯದು ಅರ್ಧ ಮರಳಿತು. ಆರು ತಿಂಗಳು ಮೊದಲೇ ಬಂದಿದ್ದರೆ ಎರಡೂ ಉಳಿಯುತ್ತಿದ್ದವು ಎಂದು ಶಸ್ತ್ರವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ನೀಲಾಳಿಗೂ ದೋಷವಿತ್ತು, ಗೆಡ್ಡೆ ಇನ್ನೂ ಹುಟ್ಟಿರಲಿಲ್ಲ. ವರ್ಷಕ್ಕೆರಡು ಬಾರಿ ಪರೀಕ್ಷೆ ಮಾಡಿಸಿದರೆ ಭಯವಿಲ್ಲ ಎಂದರು.

ಕೈಯ ಪಟ್ಟಿ ಬಿಚ್ಚಿದ ವಾರವೇ ಯಮನೂರಪ್ಪ ಭರಮಪ್ಪನ ಎಲುಬುಗಳನ್ನು ತನ್ನ ವಶಕ್ಕೆ ಕೊಡಿಸಬೇಕೆಂದು ನ್ಯಾಯಮಂಡಳಿಗೆ ಅರ್ಜಿ ಹಾಕಿದ. ಗುಡ್ಡ ಸಮಿತಿಯ ಅಧ್ಯಕ್ಷ ಶರಣಗೌಡ ಮನೆಗೇ ಬಂದ. ಯಮನೂರಪ್ಪನ ತಂದೆಯ ಜೊತೆ ಆಡಿ ಬೆಳೆದ ಹಿರಿಯ ಅವನು.

"ತಮ್ಮಾ, ವಿಚಾರ ಮಾಡು. ಎಲುಬು ಎತ್ತಿದ್ರ ಗುಡ್ಡಕ್ಕ ಯಾರ ಬರ್ತಾರ? ಊರ ಹೆಸರು ಹೊರಗ ಗೊತ್ತಾಗಿದ್ದ ಅದರಿಂದ. ಹಳೇ ಕತಿ ಹೇಳ್ಕೊಂತ ಹೋಗೂಣು. ಮಷೀನ್ ಸುಳ್ಳ ಹೇಳ್ತು ಅಂದ್ರಾತು."

"ನಮ್ಮ ಅಜ್ಜನ ಅಜ್ಜನ್ನ ರಾಕ್ಷಸ ಅಂತ ತೋರ್ಸಿ ನಾನು ಜನ ಕರೀಬೇಕೇನ್ರಿ ಗೌಡ್ರ?"

"ಇಷ್ಟು ದಿನಾ ಕರದಿ."

ಆ ಮಾತು ಯಮನೂರಪ್ಪನಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಚುಚ್ಚಿತು. "ಗೊತ್ತಿರಲಾರದ ಕರದೆ," ಎಂದ. ಅಂದಿನಿಂದ ಊರಿನಲ್ಲಿ ಅರ್ಧ ಜನ ಅವನೊಡನೆ ಮಾತು ಬಿಟ್ಟರು.

ವಿಚಾರಣೆಯಲ್ಲಿ ಸಂಸ್ಥೆಯ ವಕೀಲರು ಕಡತ ತಮ್ಮ ಆಸ್ತಿ, ಅದನ್ನು ಹೊರಗೆಡವಲಾಗದು ಎಂದು ವಾದಿಸಿದರು. ಆಗ ಇಂದುಮತಿ ಎದ್ದು ನಿಂತು, ಕಡತದ ಪ್ರತಿಯನ್ನು ತಾನೇ ಮಂಡಳಿಯ ಮುಂದಿಟ್ಟಳು. ಪಾದದ ಅಳತೆಗಳ ಹಾಳೆಯೂ ಅದರಲ್ಲಿತ್ತು, ಕೈಬರಹ ಅವಳದೇ. ಆ ವಾರ ಅವಳ ಕೆಲಸ ಹೋಯಿತು. ಯಮನೂರಪ್ಪ ಅವಳಿಗೆ ಕೃತಜ್ಞತೆ ಹೇಳಲಿಲ್ಲ. ಅವಳೂ ಅದನ್ನು ನಿರೀಕ್ಷಿಸಿರಲಿಲ್ಲ.

ತೀರ್ಪು ಮನೆತನದ ಪರವಾಗಿ ಬಂತು. ಮಣ್ಣು ಮಾಡುವ ದಿನ ಗೊತ್ತಾಯಿತು. ಆಗ ಯಾರೂ ಎಣಿಸದಿದ್ದ ಸಂಗತಿಯೊಂದು ನಡೆಯಿತು. ಭರಮಪ್ಪನ ಸುದ್ದಿ ಊರಿಂದೂರಿಗೆ ಹೋಗಿ, ಅವನ ಮೂರು ಮಕ್ಕಳ ಬಳ್ಳಿಗಳು ಎಲ್ಲೆಲ್ಲಿ ಹಬ್ಬಿದ್ದವೋ ಅಲ್ಲಿಂದೆಲ್ಲ ಜನರ ಕರೆಗಳು ಬರತೊಡಗಿದವು. ಹೆಣ್ಣುಮಕ್ಕಳ ಕಡೆಯವರಿಗೆ ಬೇರೆ ಬೇರೆ ಅಡ್ಡಹೆಸರುಗಳು. ತಮ್ಮ ಮನೆಯಲ್ಲೂ ಉದ್ದನೆಯವರು ಹುಟ್ಟಿ ಬೇಗ ಸತ್ತರು, ಕುರುಡರಾದರು ಎಂದು ಒಬ್ಬೊಬ್ಬರೂ ಹೇಳಿದರು. ಹೀಗೆ ಅರವತ್ತಮೂರು ಮಂದಿಯಾದರು. ವೈದ್ಯರೊಬ್ಬರು ಎಲ್ಲರ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶವನ್ನು ಬಿಡಿಸಿ ಹೇಳಬಲ್ಲವರು ಬೇಕಾದಾಗ ಯಮನೂರಪ್ಪ ಇಂದುಮತಿಗೆ ಫೋನು ಮಾಡಿದ.

"ಬರ್ರಿ. ಮಷೀನ್ ತರಬ್ಯಾಡ್ರಿ. ಕಾಗದಾನೂ ಹಂಚಬ್ಯಾಡ್ರಿ. ಒಬ್ಬೊಬ್ಬರನ್ನ ಎದುರು ಕುಂದ್ರಿಸ್ಕೊಂಡು ಬಾಯಿಲೆ ಹೇಳ್ರಿ."

ಮಣ್ಣು ಮಾಡಿದ್ದು ಬೆಳಗಿನ ಹೊತ್ತು. ಗಾಜು ತೆಗೆದು ಒಳಗಿಳಿದವನು ಯಮನೂರಪ್ಪನೊಬ್ಬನೇ. ಎಡಗಡೆ ಕಾಣದ್ದರಿಂದ ಕೈಯಾಡಿಸಿ ಹುಡುಕಿ ಹುಡುಕಿ ಎಲುಬುಗಳನ್ನು ಒಂದೊಂದಾಗಿ ಎತ್ತಿ ಕೊಟ್ಟ. ಕೆಳಗೆ ಬಿಳಿ ಬಟ್ಟೆಯ ಮೇಲೆ ಅವನ್ನು ಹೊಂದಿಸುವಾಗ ತೊಡೆಗೂ ಮೊಣಕಾಲಿಗೂ ನಡುವೆ ಸಾಹೇಬ ಬಿಟ್ಟಿದ್ದ ಒಂದು ಗೇಣಿನ ಅಂತರವನ್ನು ಕೂಡಿಸಿದ. ಕುತ್ತಿಗೆಯನ್ನು ಬೆನ್ನಿಗೆ ಸೇರಿಸಿದ. ರಾಕ್ಷಸ ಹೋಗಿ ಅಲ್ಲೊಬ್ಬ ಕಲ್ಲು ಹೊರುವ ಆಳು ಮಲಗಿದ್ದ. ನೀಲಾ ಎಡೆ ಇಟ್ಟಳು. ಮನೆಯ ಹಿರಿಯ ಮುದುಕಿಯೊಬ್ಬಳು, "ನಿನಗ ಬೈದದ್ದು ಹೊಟ್ಟ್ಯಾಗ ಹಾಕ್ಕೊ ಎಪ್ಪಾ, ನಮಗ ಗೊತ್ತಿರಲಿಲ್ಲ" ಎಂದು ಮಣ್ಣು ಹಾಕಿದಳು.

ಆಮೇಲೆ ಹುಣಸೆಮರದ ಕೆಳಗೆ ಎರಡು ಕುರ್ಚಿ ಹಾಕಿದರು. ಒಂದರಲ್ಲಿ ಇಂದುಮತಿ ಕುಳಿತಳು. ಎದುರಿನದಕ್ಕೆ ಒಬ್ಬೊಬ್ಬರಾಗಿ ಬಂದರು. ಐವತ್ತನಾಲ್ಕು ಮಂದಿಗೆ "ನಿಮಗ ಇಲ್ಲ" ಎಂದು ಹೇಳುವುದಷ್ಟೇ ಇತ್ತು. ಒಂಬತ್ತು ಮಂದಿಗೆ ಇತ್ತು. ಅವರಲ್ಲಿ ವಾಲಿಬಾಲ್ ಆಡುವ ಹದಿನಾರರ ಹುಡುಗಿಯೊಬ್ಬಳು "ಆಟ ಬಿಡಬೇಕೇನ್ರಿ?" ಎಂದು ಕೇಳಿದಳು. ಬೇಕಿಲ್ಲ ಎಂದಾಗ ಉಳಿದದ್ದನ್ನು ಕೇಳದೆ ಏಳಹೊರಟಳು. ಇಂದುಮತಿ ಅವಳ ಕೈ ಹಿಡಿದು ಕೂರಿಸಿ ಪೂರ್ತಿ ಹೇಳಿದಳು. ಗಂಟಲು ಒಣಗಿದರೂ ಅವಳು ನೀರು ಕೇಳಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಸಾಲು ಮುಗಿಯಿತು. ಕೊನೆಗೆ ಯಮನೂರಪ್ಪ ಬಂದು ಕುರ್ಚಿಯಲ್ಲಿ ಕುಳಿತ.

"ನಂದೂ ಹೇಳ್ರಿ."

"ನಿಮಗ ಎಲ್ಲಾ ಗೊತ್ತದಲ್ಲ, ಯಮನೂರಪ್ಪ."

"ನನಗ ಮಷೀನ್ ಹೇಳೈತ್ರಿ. ಆಸ್ಪತ್ರಿಯವರು ಹೇಳ್ಯಾರ. ನೀವು ಹೇಳಿಲ್ಲ."

ಇಂದುಮತಿ ತನ್ನ ಮಡಿಲಲ್ಲಿದ್ದ ಎರಡೂ ಕೈಗಳನ್ನು ನೋಡಿಕೊಂಡಳು. ಆಮೇಲೆ ತಲೆ ಎತ್ತಿ ಹೇಳತೊಡಗಿದಳು. ಗ್ರಂಥಿ ಎಂದರೇನು, ಗೆಡ್ಡೆ ಹೇಗೆ ಬೆಳೆಯುತ್ತದೆ, ಕಣ್ಣಿನ ನರ ಅದರ ಮೇಲೆಯೇ ಹೇಗೆ ಹಾದು ಹೋಗುತ್ತದೆ ಎಂಬುದನ್ನೆಲ್ಲ, ಬೆಳಗಿನಿಂದ ಬೇರೆಯವರಿಗೆ ಹೇಳಿದ ಹಾಗೆಯೇ.

"ನವೆಂಬರ್ ಹದಿಮೂರು, ಮಧ್ಯಾಹ್ನ ಒಂದೂವರೆಗೆ ಗೊತ್ತಾತು," ಎಂದಳು ಕೊನೆಗೆ. "ಎರಡೂವರೆಗೆ ನಿಮ್ಮ ಮನ್ಯಾಗ ಉಂಡೆ."

"ಅವತ್ತು ಹೇಳಿದ್ರ?"

"ಎರಡೂ ಕಡೆ ನೋಟ ಉಳೀತಿತ್ತು."

ಅವನು ತಲೆಯಾಡಿಸಿದ. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಹೆಂಗಸೊಬ್ಬಳು ಓಡುನಡಿಗೆಯಲ್ಲಿ ಬಂದಳು. ಜೊತೆಗೆ ಅವಳಿಗಿಂತ ಎತ್ತರದ ಮಗಳು, ಹದಿಮೂರು ತುಂಬಿದ್ದರೆ ಹೆಚ್ಚು. "ಬಸ್ ತಪ್ತುರಿ," ಎಂದು ಏದುಸಿರು ಬಿಟ್ಟಳು. "ಮಣ್ಣಿಗೆ ಬರಾಕ ಆಗ್ಲಿಲ್ಲ. ಹೊನ್ನವ್ವನ ಸಣ್ಣ ಮಗಳ ಕಡೆಯವರು ನಾವು. ಇಲ್ಲೇ ಏನ್ರಿ ಹೇಳೂದು?"

ಯಮನೂರಪ್ಪ ಎದ್ದು ಅವಳಿಗೆ ಕುರ್ಚಿ ಬಿಟ್ಟುಕೊಟ್ಟ. ಹುಡುಗಿಯನ್ನು ತಾಯಿಯ ಪಕ್ಕ ನಿಲ್ಲಿಸಿದ.

"ರಕ್ತ ತಗೊಂಡ್ರ ನಾಳಿಗೆ ಗೊತ್ತಾಗತೈತಿ. ಈಗ ಗೊತ್ತಿದ್ದಷ್ಟು ಹೇಳ್ರಿ ಮೇಡಂ. ಕೇಳಾಕ ಬಂದಾರ."

ಹಾಗೆಂದವನು ಅಲ್ಲಿಂದ ಹೋಗಲಿಲ್ಲ. ಕುರ್ಚಿಯ ಹಿಂದೆ, ಇಂದುಮತಿಯ ಮುಖ ನೇರವಾಗಿ ಕಾಣುವ ಕಡೆ ಹೋಗಿ ನಿಂತ. ಅವಳು ಮೊದಲಿನಿಂದ ಶುರುಮಾಡಿ, ಒಂದನ್ನೂ ಬಿಡದೆ ಹೇಳಿ ಮುಗಿಸುವವರೆಗೂ ಅವನು ಅಲ್ಲಿಂದ ಕದಲಲಿಲ್ಲ.